ಪೂರಿ ಉಬ್ಬಿದೆಯಾ? ಪಕ್ಕದಿಂದ ನೋಡಿ

ಅಮ್ಮನಿಗೆ ಶುಗರ್ ಶುರುವಾಗಿ ಹದಿನಾಲ್ಕು ವರ್ಷ. ಕಣ್ಣಿನ ಬಗ್ಗೆ ಅವರಿಗೆ ಯಾವ ದೂರೂ ಇರಲಿಲ್ಲ, ನಾವು ಹೋಗಿದ್ದು ಕನ್ನಡಕ ಬದಲಾಯಿಸೋಕೆ. ಗೋಡೆಯ ಮೇಲಿನ ಅಕ್ಷರಗಳನ್ನು ಸಲೀಸಾಗಿ ಓದಿದರು. ಎಡಗಣ್ಣು ಮುಚ್ಚಿಸಿದಾಗ ಮಾತ್ರ ತಡವರಿಸಿ, "ಸಾಲು ಯಾಕೋ ಸೊಟ್ಟ ಕಾಣುತ್ತಲ್ಲ" ಅಂದರು. ಅದು ಯಾವಾಗಿಂದ ಸೊಟ್ಟಗಿತ್ತೋ! ಒಂದು ಕಣ್ಣು ಕುಂಟಿದರೆ ಇನ್ನೊಂದು ಸುಮ್ನೆ ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ನಮಗೆ ಸುಳಿವೇ ಸಿಗುವುದಿಲ್ಲ.

ಪಾಪೆ ಹಿಗ್ಗಿಸುವ ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ಮೊದಲು ಕಣ್ಣಿನೊಳಗಿನ ಫೋಟೋ ತೆಗೆದರು. ಇದಕ್ಕೆ ಫಂಡಸ್ ಫೋಟೋ ಅನ್ನುತ್ತಾರೆ. ಕಿತ್ತಳೆ ಬಣ್ಣದ ಒಂದು ದುಂಡು, ಅದರ ಮೇಲೆ ಬೇರಿನಂತೆ ಹರಡಿದ ರಕ್ತನಾಳಗಳು. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ಹೀಗೆ ನೇರವಾಗಿ ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಮ್ಮನ ಬಲಗಣ್ಣಿನ ಫೋಟೋದಲ್ಲಿ ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು, ನಡುವೆ ಒಂದಷ್ಟು ಹಳದಿ ಕಲೆಗಳು. ಸಕ್ಕರೆಯಿಂದ ಸೊರಗಿದ ಸಣ್ಣ ನಾಳಗಳು ಉಬ್ಬಿ, ಜಿನುಗಿದ ಗುರುತು ಅದು.

ಆದರೆ ಎಷ್ಟು ಜಿನುಗಿದೆ? ಫೋಟೋ ಅದನ್ನು ಹೇಳುವುದಿಲ್ಲ. ನೆತ್ತಿಯ ಮೇಲಿಂದ ತೆಗೆದ ಪೂರಿಯ ಚಿತ್ರ ನೋಡಿ. ಉಬ್ಬಿದ ಪೂರಿಯೂ ದುಂಡಗೆ, ಚಪ್ಪಟೆ ಪೂರಿಯೂ ದುಂಡಗೆ. ಉಬ್ಬು ಗೊತ್ತಾಗಬೇಕಾದರೆ ಪಕ್ಕದಿಂದ ನೋಡಬೇಕು ಅಲ್ವಾ? ಕಣ್ಣಿನ ಹಿಂಪರದೆಯನ್ನು, ಅಂದರೆ ರೆಟಿನಾವನ್ನು, ಪಕ್ಕದಿಂದ ನೋಡುವ ಯಂತ್ರವೇ ಓಸಿಟಿ. ರೆಟಿನಾ ದಪ್ಪ ಹೆಚ್ಚೂಕಮ್ಮಿ ಕಾಲು ಮಿಲಿಮೀಟರ್. ಅಷ್ಟರೊಳಗೇ ಸುಮಾರು ಹತ್ತು ಪದರಗಳಿವೆ. ಅವುಗಳನ್ನು ಮುಟ್ಟದೆ, ಕೊಯ್ಯದೆ ಒಂದೊಂದಾಗಿ ತೋರಿಸುವುದು ಸಣ್ಣ ಮಾತಲ್ಲ.

ಇದು ಹೇಗೆ ಸಾಧ್ಯ? ಬಾವಿಗೆ ಬಾಯಿಟ್ಟು ಕೂಗಿದರೆ ದನಿ ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅಂತ ಅಳೆದರೆ ಆಳ ಗೊತ್ತಾಗುತ್ತದೆ. ಅಲ್ಟ್ರಾಸೌಂಡ್ ಮಾಡುವುದು ಇದನ್ನೇ. ದನಿಯ ಬದಲು ಬೆಳಕು ಬಿಟ್ಟರೆ ಚಿತ್ರ ಇನ್ನೂ ಸೂಕ್ಷ್ಮವಾಗುತ್ತದೆ, ಆದರೆ ಬೆಳಕಿನ ಓಟ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ರೆಟಿನಾದ ಒಂದು ಪದರದಿಂದ ಬಂದ ಬೆಳಕಿಗೂ ಪಕ್ಕದ ಪದರದಿಂದ ಬಂದ ಬೆಳಕಿಗೂ ಇರುವ ಅಂತರವನ್ನು ಅಳೆಯುವಷ್ಟು ಚುರುಕಾದ ಗಡಿಯಾರ ಎಲ್ಲಿಂದ ತರುವುದು?

ಇಲ್ಲಿರುವ ಉಪಾಯ ನನಗೆ ತುಂಬಾ ಇಷ್ಟ. ಓಟದಲ್ಲಿ ಇಬ್ಬರು ಒಟ್ಟಿಗೆ ಗೆರೆ ಮುಟ್ಟಿದರಾ ಅಂತ ತಿಳಿಯಲು ಗಡಿಯಾರ ಬೇಕಿಲ್ಲ, ಕಣ್ಣಳತೆ ಸಾಕು. ಹಾಗೇ ಯಂತ್ರ ಒಂದೇ ಬೆಳಕನ್ನು ಎರಡಾಗಿ ಸೀಳುತ್ತದೆ. ಒಂದು ಪಾಲು ಕಣ್ಣಿಗೆ, ಇನ್ನೊಂದು ಪಾಲು ಕನ್ನಡಿಗೆ. ಎರಡೂ ನಡೆದ ದೂರ ಸಮವಾಗಿದ್ದರೆ ಮಾತ್ರ ಅಲೆಗಳು ಒಂದಕ್ಕೊಂದು ಬೆರೆತು ಪಟ್ಟೆಗಳ ಗುರುತು ಮೂಡುತ್ತದೆ. ದೂರದಲ್ಲಿ ಕೆಲವೇ ಮೈಕ್ರೋಮೀಟರ್ ತಪ್ಪಿದರೂ ಗುರುತು ಮಾಯ. ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕನ್ನಡಿಯನ್ನು ಚೂರುಚೂರೇ ಸರಿಸುತ್ತಾ ಹೋದರೆ ಒಂದೊಂದು ಆಳದ ಪದರವೂ ತಾನಾಗಿ ಸಿಗುತ್ತದೆ. ಈಗಿನ ಯಂತ್ರಗಳು ಕನ್ನಡಿ ಸರಿಸುವ ಗೋಜಿಗೂ ಹೋಗುವುದಿಲ್ಲ. ವಾಪಸ್ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಆಳವನ್ನು ಲೆಕ್ಕದಲ್ಲೇ ತೆಗೆಯುತ್ತವೆ. ಹೀಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ.

1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಜೊತೆಗಾರರು ಇದರ ಮೊದಲ ಚಿತ್ರಗಳನ್ನು ಪ್ರಕಟಿಸಿದರು. ಆಗ ನೋಡಿದ್ದು ಜೀವಂತ ಕಣ್ಣಲ್ಲ, ತೆಗೆದಿಟ್ಟ ರೆಟಿನಾ.

ಅಮ್ಮ ಗದ್ದವನ್ನು ಯಂತ್ರದ ಪಟ್ಟಿಯ ಮೇಲಿಟ್ಟು ಒಳಗಿನ ಗುರುತನ್ನೇ ನೋಡಿದರು. ಕೆಲವೇ ಸೆಕೆಂಡು. ಪರದೆಯ ಮೇಲೆ ಬಂದ ಚಿತ್ರ ಗದ್ದೆಯ ಬದು ಕುಸಿದಾಗ ಕಾಣುವ ಮಣ್ಣಿನ ಪದರಗಳಂತಿತ್ತು. ಎಡಗಣ್ಣಿನಲ್ಲಿ ನಡುವೆ ಒಂದು ನಯವಾದ ತಗ್ಗು. ಅದು ಇರಲೇಬೇಕು, ಅಕ್ಷರ ಓದುವ ಜಾಗವೇ ಅದು. ಬಲಗಣ್ಣಿನಲ್ಲಿ ತಗ್ಗಿರಬೇಕಾದ ಕಡೆ ಗುಡ್ಡ, ಗುಡ್ಡದೊಳಗೆ ಕಪ್ಪು ಗುಳ್ಳೆಗಳು. ಪೂರಿ ಉಬ್ಬಿತ್ತು. ಒಳಗೆ ಗಾಳಿಯಲ್ಲ, ನೀರು. ದಪ್ಪ 410 ಮೈಕ್ರೋಮೀಟರ್. ಉಬ್ಬು ಇಳಿಸಲು ಕಣ್ಣಿಗೇ ಇಂಜೆಕ್ಷನ್ ಶುರುವಾಯಿತು. ಪ್ರತಿ ಸಲವೂ ಅದೇ ಜಾಗದ ಸ್ಕ್ಯಾನ್ ಮಾಡಿ, ಗುಡ್ಡ ಇಳಿದಿದೆಯಾ ನೋಡಿ, ಮುಂದಿನ ಇಂಜೆಕ್ಷನ್ ನಿರ್ಧಾರ.

ಹಾಗಂತ ಫೋಟೋ ಕೀಳಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯದಲ್ಲಂತೂ ಅದೇ ದೊಡ್ಡ ಆಸರೆ. ಅವುಗಳ ರೆಟಿನಾದ ಅಂಚಿನವರೆಗೆ ರಕ್ತನಾಳ ಇನ್ನೂ ಬೆಳೆದಿರುವುದಿಲ್ಲ. ಕೆಲವು ಕೂಸುಗಳಲ್ಲಿ ದಾರಿ ತಪ್ಪಿ ಬೆಳೆದು, ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ಹುಟ್ಟಿ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ಕೂಸು ಜಿಲ್ಲೆಯಲ್ಲಿ, ಇದನ್ನು ಬಲ್ಲ ಡಾಕ್ಟರು ಬೆಂಗಳೂರಿನಲ್ಲಿ. 2008ರಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ತಂಡ 'ಕಿಡ್‌ರಾಪ್' ಅನ್ನುವ ಯೋಜನೆ ಶುರುಮಾಡಿದ್ದು ಇದಕ್ಕೇ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಆಸ್ಪತ್ರೆಗೆ ಹೋಗುತ್ತಾರೆ. ಕಣ್ಣಿಗೆ ಜೆಲ್ ಹಚ್ಚಿ, ಲೆನ್ಸ್ ಮೆಲ್ಲಗೆ ತಾಗಿಸಿ, ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಕಳಿಸುತ್ತಾರೆ. ಲೇಸರ್ ಚಿಕಿತ್ಸೆ ಬೇಕಾದ ಕೂಸಿಗೆ ಎರಡು ಮೂರು ದಿನದೊಳಗೆ ಅದು ಸಿಗಬೇಕು. ಇಲ್ಲಿ ಬೇಕಿರುವುದು ಅಗಲವಾದ ನೋಟ, ಆಳವಲ್ಲ.

ಅಮ್ಮನಿಗೆ ಕೈಗೆ ಹಳದಿ ಬಣ್ಣ ಚುಚ್ಚಿ ಕಣ್ಣಿನ ಫೋಟೋ ತೆಗೆಯುವ ಇನ್ನೊಂದು ಪರೀಕ್ಷೆಯೂ ಆಯಿತು. ಯಾವ ನಾಳ ಸೋರುತ್ತಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಮೂತ್ರ ಒಂದು ದಿನ ಗಾಢ ಹಳದಿಯಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸಂಜೆ ಮನೆಯಲ್ಲಿ ಗಾಬರಿಯೋ ಗಾಬರಿ.

ಜೊತೆಗೆ ಹೋದ ತಪ್ಪಿಗೆ ನನ್ನದೂ ಒಂದು ಓಸಿಟಿ ಮಾಡಿದರು. ನನ್ನ ಕನ್ನಡಕ ಮೈನಸ್ ಎಂಟು. ನರದ ಎಳೆಗಳ ದಪ್ಪ ತೋರಿಸುವ ಹಾಳೆಯಲ್ಲಿ ಎರಡು ಕಡೆ ಕೆಂಪು. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯಲ್ಲಿ ಈ ಎಳೆಗಳು ಸದ್ದಿಲ್ಲದೆ ಸವೆಯುತ್ತವೆ ಅಂತ ಓದಿದ್ದವನಿಗೆ ಕೈಕಾಲು ತಣ್ಣಗಾಯಿತು. ಡಾಕ್ಟರು ಕಣ್ಣಿನ ಒತ್ತಡ ಅಳೆದರು, ಸುತ್ತಲಿನ ನೋಟ ಪರೀಕ್ಷಿಸಿದರು. ಎರಡೂ ಸರಿಯಿದ್ದವು. ಯಂತ್ರ ತನ್ನೊಳಗಿರುವ ಮಾಮೂಲಿ ಕಣ್ಣುಗಳ ಲೆಕ್ಕಕ್ಕೆ ಹೋಲಿಸಿ ಬಣ್ಣ ಹಾಕುತ್ತದೆ. ಜಾಸ್ತಿ ಮೈನಸ್ ಪವರಿನ ಕಣ್ಣು ಉದ್ದವಾಗಿರುವುದರಿಂದ ಆ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ, ಕಾಯಿಲೆ ಇಲ್ಲದೆಯೂ ಕೆಂಪು ಬರಬಹುದು ಅಂದರು. "ನಿಮ್ಮ ಕಣ್ಣನ್ನ ನಿಮ್ಮ ಕಣ್ಣಿಗೇ ಹೋಲಿಸೋಣ, ಆರು ತಿಂಗಳು ಬಿಟ್ಟು ಬನ್ನಿ."

ಈಗ ಫೈಲಿನಲ್ಲಿ ಅಂಥ ನಾಲ್ಕು ಹಾಳೆಗಳಿವೆ. ಕೆಂಪು ಅಲ್ಲೇ ಇದೆ, ಅಂಕಿ ಅಲ್ಲಾಡಿಲ್ಲ.