ಕ್ಲೋನ್ ಬೇರೆ, ಬ್ಯಾಕಪ್ ಬೇರೆ

ಆರೇಳು ವರ್ಷ ಹಳೆಯ ಲ್ಯಾಪ್‌ಟಾಪ್ ಆನ್ ಆಗಲು ಮೂರು ನಿಮಿಷ ತೆಗೆದುಕೊಂಡರೆ, ತಪ್ಪು ಹೆಚ್ಚಿನ ಸಲ ಪ್ರೊಸೆಸರ್‌ನದಲ್ಲ, ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕ್‌ನದು. 5400 ಆರ್‌ಪಿಎಂ ಡಿಸ್ಕ್, ಅಂದರೆ ನಿಮಿಷಕ್ಕೆ 5400 ಸಲ ತಿರುಗುವಂಥದ್ದು, ಒಂದು ಸುತ್ತು ಮುಗಿಸಲು 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಅಲ್ಲಿಗೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಅಂದರೆ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ಅರವತ್ತು ಸಲ ಓದಿದರೆ ಹೆಚ್ಚು. ವಿಂಡೋಸ್ ಏಳುವಾಗ ಬೇಕಾಗುವುದು ಇಂಥವೇ, ಸಾವಿರಾರು. ಅದರ ಬದಲಿಗೆ ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಅದೇ ಓದು 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಕೊಳ್ಳುವ ಮುನ್ನ ಲ್ಯಾಪ್‌ಟಾಪ್‌ನಲ್ಲಿ ಯಾವ ಜಾಗ ಇದೆ ಎಂದು ನೋಡಿ. 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಹಳೆಯ ಬಗೆ) ಡಿಸ್ಕ್‌ನ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಬೇಕು. 22 ಮಿ.ಮೀ ಅಗಲ, 80 ಮಿ.ಮೀ ಉದ್ದದ ಎಂ.2 ಕಡ್ಡಿಯಲ್ಲಿ ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ ಎಂದು ಎರಡು ಜಾತಿ. ಒಂದಕ್ಕೆ ಮಾತ್ರ ಮಾಡಿದ ಸ್ಲಾಟ್‌ನಲ್ಲಿ ಇನ್ನೊಂದು ಕೂತರೂ ಕೆಲಸ ಮಾಡುವುದಿಲ್ಲ. 512 ಜಿಬಿ ಎಂದು ಬರೆದಿದ್ದು ವಿಂಡೋಸ್‌ನಲ್ಲಿ 476 ಎಂದು ಕಂಡರೆ ಅಂಗಡಿಯವರ ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಜನ ಎಡವುವುದು ಇದಾದ ಮೇಲೆ. ಹಳೆ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿದರೆ ಬ್ಯಾಕಪ್ ಆದ ಹಾಗೇ ಎಂದುಕೊಳ್ಳುತ್ತಾರೆ. ಕ್ಲೋನ್ ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಇನ್ನೊಂದರ ಮೇಲೆ ನಕಲು ಮಾಡುವುದು. ಹಳೆಯದರಲ್ಲಿ ಮೂಲ ಉಳಿಯುತ್ತದೆ ನಿಜ, ಆದರೆ ದಿಕ್ಕು ತಪ್ಪಿದರೆ ಅದೂ ಹೋಗುತ್ತದೆ. ಕ್ಲೋನ್ ಮಾಡುವಾಗ ಪರದೆಯ ಮೇಲೆ ಕಾಣುವುದು ಎರಡೇ ಸಾಲು: ಡಿಸ್ಕ್ 0, ಡಿಸ್ಕ್ 1. ಎರಡೂ 500 ಜಿಬಿ ಇದ್ದು, ಯಾವುದರಿಂದ ಯಾವುದಕ್ಕೆ ಎಂಬುದು ಅದಲುಬದಲಾದರೆ, ಖಾಲಿ ಡಿಸ್ಕಿನ ನಕಲು ನಿಮ್ಮ ಫೋಟೋಗಳ ಮೇಲೆ ಬಂದು ಕೂರುತ್ತದೆ. ಒತ್ತುವ ಮುನ್ನ ಡಿಸ್ಕ್‌ನ ಲೇಬಲ್ ಮೇಲಿರುವ ಮಾಡೆಲ್ ಹೆಸರನ್ನು ಪರದೆಯಲ್ಲಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ.

ಆದ್ದರಿಂದ ಮೊದಲು ಮೂರನೆಯದೊಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಲ್ಲ ಫೈಲು ಇಳಿಸಿಕೊಳ್ಳಿ. 300 ಜಿಬಿ ಸಾಗಲು ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಸುಮಾರು ಎರಡೂ ಮುಕ್ಕಾಲು ಗಂಟೆ, ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಐವತ್ತು ನಿಮಿಷ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ, ನಾಲ್ಕಾರು ಫೈಲು ನಿಜವಾಗಿಯೂ ತೆರೆದು ನೋಡಿ. ಒನ್‌ಡ್ರೈವ್‌ನಲ್ಲಿ ಮೋಡದ ಗುರುತಿರುವ ಫೈಲು ನಿಮ್ಮ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ, ಬರೀ ಹೆಸರಿದೆ. ಅದನ್ನು ಮೊದಲು ಇಳಿಸಿಕೊಳ್ಳಬೇಕು.

ಹಳೆ ಡಿಸ್ಕ್‌ನ ಆರೋಗ್ಯವನ್ನೂ ಈಗಲೇ ನೋಡಿ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ 05 ಮತ್ತು ಸಿ5 ಸಾಲುಗಳು ಮುಖ್ಯ. ಮೊದಲನೆಯದು ಕೆಟ್ಟು ಬದಲಿಯಾದ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ತುಣುಕುಗಳ) ಲೆಕ್ಕ, ಎರಡನೆಯದು ಓದಲಾಗದೆ ಕಾಯುತ್ತಿರುವವುಗಳದ್ದು. ಸಿ5 ಸೊನ್ನೆಯಾಗಿಲ್ಲದಿದ್ದರೆ ಮಾಮೂಲಿ ಕ್ಲೋನ್ ಬೇಡ. ಅದು ಕೆಟ್ಟ ಜಾಗದಲ್ಲಿ ಮತ್ತೆ ಮತ್ತೆ ಓದಲು ಹೋಗಿ ಸೋತ ಡಿಸ್ಕನ್ನು ಪೂರ್ತಿ ಕೊಲ್ಲಬಹುದು. ಅಂಥ ಡಿಸ್ಕಿಗೆಂದೇ ಇರುವ ಲಿನಕ್ಸ್‌ನ ಡಿಡಿರೆಸ್ಕ್ಯೂ ತಂತ್ರಾಂಶ ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ; ಎಲ್ಲಿಗೆ ಬಂದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು.

ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಾಗಿಸಿ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬಿಟ್‌ಲಾಕರ್ ಆಫ್ ಮಾಡಿ, ಡೀಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ.

ಕ್ಲೋನ್ ಮಾಡುವಾಗ ಸಿ ಡ್ರೈವ್ ಒಂದೇ ಸಾಲದು. ಬೂಟ್ ಮಾಡಿಸುವ ಸಣ್ಣ ಇಎಫ್‌ಐ ಪಾರ್ಟಿಷನ್ ಕೂಡ ಹೋಗಬೇಕು. ಮುಗಿದೊಡನೆ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಟರ್ ಬಿಡಿಸಿ ಡಿಸ್ಕ್ ಬದಲಿಸಿ. ಎಂ.2 ಕಡ್ಡಿಯನ್ನು ಓರೆಯಾಗಿ ತೂರಿಸಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಬೇಕು. ನೇರ ಒತ್ತಿದರೆ ಸ್ಲಾಟ್ ಮುರಿಯಬಹುದು. ಮೊದಲ ಸಲ ಹೊಸ ಡಿಸ್ಕ್ ಒಂದರಿಂದಲೇ ಏಳಿಸಿ. ಕ್ಲೋನ್‌ನಲ್ಲಿ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಬಂದಿರಬಹುದು, ಆಗ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ, ಹೊಸ ಡಿಸ್ಕ್‌ನ ಡ್ರೈವರ್ ಬೂಟ್ ಹೊತ್ತಿಗೆ ಲೋಡ್ ಆಗುತ್ತಿಲ್ಲ ಎಂದರ್ಥ. ಒಂದು ಸಲ ಸೇಫ್ ಮೋಡ್‌ನಲ್ಲಿ ಏಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಕ್ಲೋನ್ ಬಿಟ್ಟು ಹೊಸದಾಗಿ ವಿಂಡೋಸ್ ಹಾಕಿಕೊಳ್ಳುವವರು ಕನ್ನಡ ಫಾಂಟ್‌ಗಳನ್ನು ಮರೆಯಬಾರದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಕನ್ನಡವಾಗಿ ಕಾಣಿಸುವುದು ಫಾಂಟ್‌ನ ಕೆಲಸ. ಫಾಂಟ್ ಇಲ್ಲದ ಡಿಸ್ಕ್‌ನಲ್ಲಿ ಹಳೆಯ ಪತ್ರವ್ಯವಹಾರವೆಲ್ಲ ಅರ್ಥವಿಲ್ಲದ ರೋಮನ್ ಗೀಚಾಗಿ ತೆರೆದುಕೊಳ್ಳುತ್ತದೆ, ಫೈಲೇ ಕೆಟ್ಟಿತೆಂದು ಜನ ಅಳಿಸಿಬಿಡುತ್ತಾರೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನು ಬ್ಯಾಕಪ್‌ಗೆ ಸೇರಿಸಿಕೊಳ್ಳಿ. ಹಳೆ ಡಿಸ್ಕನ್ನು ಒಂದು ತಿಂಗಳಾದರೂ ಫಾರ್ಮ್ಯಾಟ್ ಮಾಡದೆ ಹಾಗೇ ಎತ್ತಿಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಖಾಲಿ ಮಾಡಿಸಿಬಿಡುವುದರಿಂದ, ಏನಾದರೂ ಬಿಟ್ಟುಹೋದದ್ದು ಸಿಗುವುದು ಬಹುಶಃ ಆ ಹಳೆ ಡಿಸ್ಕ್‌ನಲ್ಲಿಯೇ.