ಎಂ.ಕಾಂ. ಆದವರು ಸಂಜೆ ನಾಲ್ಕು ತಾಸಿನ ಕೆಲಸ ಕೇಳುವಾಗ

"ಇಷ್ಟ ಓದೀರಿ, ನಮ್ಮಲ್ಲಿ ಬಂದು ಏನ್ ಮಾಡತೀರ್ರಿ?" ಬೆಳಗಾವಿಯ ಖಡೇಬಜಾರ್ ಇರಲಿ, ವಿಜಯಪುರದ ಗಾಂಧಿ ಚೌಕ ಇರಲಿ, ಎಂ.ಕಾಂ., ಎಂ.ಎಸ್ಸಿ., ಎಂ.ಟೆಕ್. ಮುಗಿಸಿದವರು ಅರ್ಧ ದಿನದ ಕೆಲಸ ಕೇಳಿಕೊಂಡು ಹೋದರೆ ಸಿಗುವ ಉತ್ತರ ಇದೇ. ಕೇಳಿದವರಿಗೆ ಅವಮಾನ ಆದಂತೆ ಅನಿಸುತ್ತದೆ. ಮಾಲೀಕರ ಮನಸ್ಸಿನಲ್ಲಿ ಮಾತ್ರ ಆಗ ಮೂರು ಲೆಕ್ಕ ನಡೆದಿರುತ್ತವೆ.

ಮೊದಲನೆಯದು, ಇವರು ಎಷ್ಟು ದಿನ ಇರುತ್ತಾರೆ? ಹೊಸಬರಿಗೆ ಸರಕು ಎಲ್ಲಿದೆ, ಯಾವ ಗಿರಾಕಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಕಲಿಸಲು ಮೂರು ನಾಲ್ಕು ವಾರ ಬೇಕು. ಕಲಿಸಿದ ಮೇಲೆ ದೀಪಾವಳಿಯ ಹಿಂದಿನ ವಾರ ಇವರು ಬೆಂಗಳೂರಿಗೆ ಹೋದರೆ ಅಂಗಡಿ ಕೆಡುತ್ತದೆ. ಎರಡನೆಯದು, ಇವತ್ತು ಕೊಟ್ಟಷ್ಟಕ್ಕೆ ಒಪ್ಪಿ ಎರಡು ತಿಂಗಳಿಗೆ ಪಗಾರ ಸಾಲದು ಅಂದಾರೇ? ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯ ಹಿರಿಯ ಕೆಲಸಗಾರ ಹತ್ತನೇ ಇಯತ್ತೆ ಕಲಿತವನು, ಹದಿನೈದು ವರ್ಷ ಅಲ್ಲೇ ದುಡಿದವನು. ಅವನು ಹೇಳಿದ್ದನ್ನು ಡಬಲ್ ಡಿಗ್ರಿಯವರು ಕೇಳುತ್ತಾರೆಯೇ?

ಈ ಮೂರಕ್ಕೂ ನೀವೇ ಮೊದಲು ಉತ್ತರ ಕೊಟ್ಟುಬಿಟ್ಟರೆ ಡಿಗ್ರಿ ಅಡ್ಡ ಬರುವುದು ಬಹಳ ಕಡಿಮೆಯಾಗುತ್ತದೆ. ಮಾಲೀಕರು ದುಡ್ಡು ಕೊಟ್ಟು ಕೊಳ್ಳುವುದು ನಿಮ್ಮ ತಾಸುಗಳನ್ನು, ಹಾಗಾಗಿ ಮಾತು ತಾಸಿನಿಂದಲೇ ಶುರುವಾಗಲಿ. "ಏನಾದರೂ ಕೆಲಸ ಇದ್ದರೆ ಕೊಡಿ" ಎನ್ನುವುದಕ್ಕಿಂತ ಹೀಗೆ ಹೇಳಿ ನೋಡಿ: "ಸರ್, ಸಂಜಿ ನಾಲ್ಕರಿಂದ ಎಂಟರ ತನಕ ಬರತೀನ್ರಿ. ರವಿವಾರ ಪೂರ್ತಿ ದಿನ ಆದರೂ ನಡೀತದ್ರಿ. ಮಾರ್ಚ್ ತನಕ ಬಿಡಂಗಿಲ್ರಿ, ಬಿಡೂದಾದ್ರ ಒಂದು ತಿಂಗಳ ಮೊದಲ ಹೇಳತೀನಿ. ಬಿಲ್ಲಿಂಗ್ ಬರತದ, ಉಳಿದದ್ದು ನಿಮ್ಮವರು ಹೇಳಿದಂಗ ಕಲೀತೀನ್ರಿ." ವೇಳೆ, ಅವಧಿ, ಬಿಡುವ ಮುನ್ಸೂಚನೆ, ಹೇಳಿದ್ದು ಕೇಳುವ ಮನಸ್ಸು, ನಾಲ್ಕೂ ಇದರಲ್ಲಿ ಬಂದವು. ಅವಧಿಯನ್ನು ನಿಜವಾಗಿ ಉಳಿಸಿಕೊಳ್ಳಬಲ್ಲಷ್ಟೇ ಹೇಳಿ. ಜನವರಿಯಲ್ಲಿ ಪರೀಕ್ಷೆ ಇದ್ದರೆ ಡಿಸೆಂಬರ್ ಎಂದೇ ಹೇಳಿ. ಮೂರು ತಿಂಗಳಿಗೆ ಜನ ಬೇಕಾದ ಅಂಗಡಿಗಳು ಊರಲ್ಲಿ ಇದ್ದೇ ಇವೆ. ದಸರಾ–ದೀಪಾವಳಿ ಮತ್ತು ಲಗ್ನದ ಸೀಜನ್ನಿಗೆ ಬಟ್ಟೆ, ಪಾತ್ರೆ, ಬಂಗಾರದ ಅಂಗಡಿಯವರು ಹೆಚ್ಚುವರಿ ಜನ ಹುಡುಕುವುದು ಒಂದೂವರೆ ತಿಂಗಳ ಮೊದಲು. ಹಬ್ಬದ ವಾರ ಹೋಗಿ ಕೇಳಿದರೆ ಕಲಿಸಲು ಅವರಿಗೆ ಪುರಸೊತ್ತು ಇರುವುದಿಲ್ಲ.

ಬಯೋಡೇಟಾ ಒಂದೇ ಪುಟ ಇರಲಿ. ಮೇಲೆ ಹೆಸರು, ಫೋನ್, ಓಣಿ ಮತ್ತು ಊರು. ಅದರ ಕೆಳಗೇ ಬರುವ ವೇಳೆ ಮತ್ತು ಎಂದಿನಿಂದ ಎಂದಿನವರೆಗೆ ಎಂಬುದು. ಆಮೇಲೆ ಈ ಕೆಲಸಕ್ಕೆ ಬೇಕಾದ ನಾಲ್ಕೈದು ವಿದ್ಯೆ: ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್, ಕನ್ನಡ ಟೈಪಿಂಗ್, ಮರಾಠಿ ಮಾತು, ಬೈಕ್ ಲೈಸೆನ್ಸ್. ಬೆಳಗಾವಿ ಪೇಟೆಯಲ್ಲಿ ಗಿರಾಕಿಯೊಡನೆ ಮರಾಠಿಯಲ್ಲಿ ಮಾತಾಡಬಲ್ಲಿರಿ ಎಂಬುದು ನಿಮ್ಮ ಎಂ.ಎ. ರ್‍ಯಾಂಕಿಗಿಂತ ಹೆಚ್ಚು ತೂಗುತ್ತದೆ, ಅದನ್ನು ಬರೆಯಲು ಮರೆಯಬೇಡಿ. ಓದು ಕೊನೆಗೆ ಒಂದು ಸಾಲು ಸಾಕು. ಸೆಮಿನಾರ್, ಪ್ರಬಂಧ, ಪ್ರಾಜೆಕ್ಟ್ ಎಲ್ಲ ತೆಗೆಯಿರಿ.

ಡಿಗ್ರಿ ಮುಚ್ಚಿಡಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಅಂಗಡಿಗೆ ಕೊಡುವ ಬಯೋಡೇಟಾದಲ್ಲಿ ಬಿ.ಕಾಂ. ಬರೆದು ಎಂ.ಕಾಂ. ಬಿಟ್ಟರೆ ತಪ್ಪೇನೂ ಇಲ್ಲ. ಆದರೆ ಕಂಪನಿಯವರು ಫಾರ್ಮ್ ಕೊಟ್ಟು ಅತ್ಯುನ್ನತ ವಿದ್ಯಾರ್ಹತೆ ಕೇಳಿ, ಕೆಳಗೆ ಸಹಿ ಮಾಡಿಸಿಕೊಂಡರೆ ಇದ್ದದ್ದನ್ನೇ ಬರೆಯಬೇಕು. ಎದುರು ಕೂತು ಕೇಳಿದರೂ ಅಷ್ಟೇ. ಇನ್ನೊಂದು ತೊಡಕು, ಎರಡು ವರ್ಷದ ಓದನ್ನು ಬಿಟ್ಟರೆ ಅಲ್ಲಿ ಎರಡು ವರ್ಷ ಖಾಲಿ ಕಾಣುತ್ತದೆ. ಆ ಅವಧಿಯಲ್ಲಿ ಟ್ಯೂಷನ್ ಹೇಳಿದ್ದು, ಮನೆಯ ಅಡತಿ ಅಂಗಡಿಯ ಲೆಕ್ಕ ಬರೆದದ್ದು ಇದ್ದರೆ ಅದನ್ನು ತುಂಬಿ. ಏನೂ ಇಲ್ಲದಿದ್ದರೆ ಓದನ್ನೇ ಬರೆಯುವುದು ಲೇಸು. ಖಾಲಿ ಜಾಗ ಎಂ.ಕಾಂ.ಗಿಂತ ಹೆಚ್ಚು ಸಂಶಯ ಹುಟ್ಟಿಸುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ: ಡಿಗ್ರಿ ಮುಚ್ಚಿಡಬೇಕಾದ ಕಡೆಗಿಂತ, ಡಿಗ್ರಿ ಬೇಕಾಗಿದ್ದರೂ ಪೂರ್ತಿ ಪಗಾರದ ಆಳು ಇಟ್ಟುಕೊಳ್ಳಲು ಶಕ್ತಿ ಇಲ್ಲದ ಸಣ್ಣ ಕಡೆಗಳನ್ನು ಮೊದಲು ಹುಡುಕಬೇಕು. ಅಂಥವು ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಇವೆ, ಹೊರಗೆ ಬೋರ್ಡ್ ಮಾತ್ರ ಹಾಕಿರುವುದಿಲ್ಲ.

ಎಂ.ಕಾಂ. ಆದವರಿಗೆ ಮೊದಲ ಬಾಗಿಲು ತೆರಿಗೆ ಸಲಹೆಗಾರರ ಮತ್ತು ಸಿಎ ಕಚೇರಿಗಳದು. ಅಲ್ಲಿನ ತಿಂಗಳು ಕ್ಯಾಲೆಂಡರಿನ ತಿಂಗಳಿನಂತೆ ಸಮನಾಗಿ ನಡೆಯುವುದಿಲ್ಲ. 7ನೇ ತಾರೀಖು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟುವ ಕೊನೆ ದಿನ. ಪ್ರತಿ ತಿಂಗಳು ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1 11ಕ್ಕೆ ಮುಗಿಯಬೇಕು. 14ಕ್ಕೆ ಖರೀದಿ ಬಿಲ್ಲುಗಳ ಜಿಎಸ್‌ಟಿ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತಯಾರಾಗುತ್ತದೆ, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ. ಅಂದರೆ 5ರಿಂದ 20ರವರೆಗೆ ಕಚೇರಿಯಲ್ಲಿ ಉಸಿರಾಡಲು ಬಿಡುವಿಲ್ಲ, 22ರ ನಂತರ ಕುರ್ಚಿ ಖಾಲಿ. ನೀವು ಹೋಗಿ "ತಿಂಗಳಿಗೆ 15 ದಿವಸ, 5ರಿಂದ 20, ದಿನಕ್ಕೆ ನಾಲ್ಕು ತಾಸು" ಎಂದರೆ ಅವರ ಕಷ್ಟ ತಿಳಿದವರು ಎಂದು ಗೊತ್ತಾಗುತ್ತದೆ. ಕೇಳಲು 23ರಿಂದ 30ರ ನಡುವೆ ಹೋಗಿ. 18ನೇ ತಾರೀಖು ಹೋದವರಿಗೆ ಕೂಡ್ರಿ ಎನ್ನುವವರೂ ಸಿಗುವುದಿಲ್ಲ.

ಅಲ್ಲಿ ಪರೀಕ್ಷೆ ಮಾಡುವುದು ನಿಮ್ಮ ಅಂಕಪಟ್ಟಿಯನ್ನಲ್ಲ. ಹತ್ತು ಖರೀದಿ ಬಿಲ್ ಕೊಟ್ಟು ಟ್ಯಾಲಿಗೆ ಹಾಕಲು ಹೇಳುತ್ತಾರೆ, ಆಮೇಲೆ 2ಬಿ ಜೊತೆ ತಾಳೆ ನೋಡಲು ಹೇಳುತ್ತಾರೆ. ತಪ್ಪು ಆಗುವುದು ಬಿಲ್ ಸಂಖ್ಯೆಯಲ್ಲಿ. ಬಿಲ್ಲಿನ ಮೇಲೆ 25-26/0012 ಎಂದಿರುತ್ತದೆ, ಬರೆಯುವವರು ಬರೀ 12 ಬರೆದಿರುತ್ತಾರೆ, ತಾಳೆ ಆಗುವುದಿಲ್ಲ. ಜಿಎಸ್‌ಟಿ ಸಂಖ್ಯೆಯಲ್ಲಿ ಸೊನ್ನೆ ಮತ್ತು ಓ ಅಕ್ಷರ ಅದಲುಬದಲಾಗುವುದು ಇನ್ನೊಂದು. 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಟ್ಯಾಲಿ ಕಲಿತವರು ಜಿಎಸ್‌ಟಿ ದರಗಳನ್ನು ಮತ್ತೆ ನೋಡಿಕೊಳ್ಳಲೇಬೇಕು. ಬಹುತೇಕ ಸರಕುಗಳಿಗೆ 12% ಮತ್ತು 28% ಹೋಗಿ 5% ಮತ್ತು 18% ಉಳಿದಿವೆ. ಎಕ್ಸೆಲ್‌ನಲ್ಲಿ ವಿ-ಲುಕಪ್ (ಎರಡು ಪಟ್ಟಿ ತಾಳೆ ನೋಡುವ ಸೂತ್ರ) ಬಂದರೆ ಇಡೀ ದಿನದ ತಾಳೆ ಕೆಲಸ ಎರಡು ತಾಸಿಗೆ ಮುಗಿಯುತ್ತದೆ. ಮೊದಲ ವಾರವೇ ಇದನ್ನು ತೋರಿಸಿದವರನ್ನು ಕಚೇರಿಯವರು ಸುಮ್ಮನೆ ಬಿಡುವುದಿಲ್ಲ.

ಬಿ.ಇ., ಎಂ.ಟೆಕ್. ಮೆಕ್ಯಾನಿಕಲ್ ಆದವರಿಗೆ ಬೆಳಗಾವಿಯ ಉದ್ಯಮಬಾಗ್ ಮತ್ತು ಮಚ್ಛೆ ಕಡೆಯ ಸಣ್ಣ ಮಷಿನ್ ಶಾಪ್, ಫೌಂಡ್ರಿಗಳಿವೆ. ದೊಡ್ಡವರಿಗೆ ಪೂರ್ತಿ ವೇಳೆಯ ಇಂಜಿನಿಯರುಗಳಿರುತ್ತಾರೆ. ಎಂಟು ಹತ್ತು ಜನರ ಘಟಕದಲ್ಲಿ ಮಾಲೀಕರೇ ಎಲ್ಲ. ಹೊರ ಊರಿನ ಕಂಪನಿಯಿಂದ ಡ್ರಾಯಿಂಗ್ ಬರುತ್ತದೆ, ಎರಡು ದಿನದಲ್ಲಿ ಕೊಟೇಶನ್ ಕೇಳುತ್ತಾರೆ, ಹಗಲೆಲ್ಲ ಮಷಿನ್ ಹತ್ತಿರ ನಿಂತವರು ರಾತ್ರಿ ಕೂತು ಲೆಕ್ಕ ಹಾಕಬೇಕು. ಡ್ರಾಯಿಂಗ್ ನೋಡಿ ಗಾತ್ರ ತೆಗೆದು, ಬೂದು ಎರಕದ ಕಬ್ಬಿಣಕ್ಕೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ಹಿಡಿದು ತೂಕ ಹಾಕುವುದು, ಮಷಿನಿಂಗಿಗೆ ಬಿಡಬೇಕಾದ ಹೆಚ್ಚುವರಿ ಪದರ ಸೇರಿಸುವುದು, ಮೊದಲ ಸ್ಯಾಂಪಲ್ಲಿನ ತಪಾಸಣಾ ವರದಿ ಬರೆಯುವುದು, ಇವನ್ನು ವಾರಕ್ಕೆ ಎರಡು ಸಂಜೆ ಬಂದು ಮಾಡಿಕೊಡುವವರು ಅವರಿಗೆ ಬೇಕು. ಇಲ್ಲಿ ತಿಂಗಳ ಪಗಾರ ಕೇಳಬೇಡಿ, ಕೊಟೇಶನ್ನಿಗಿಷ್ಟು, ವರದಿಗಿಷ್ಟು ಎಂದು ಮಾತಾಡಿ. ಇಂಥ ಮೂರು ಘಟಕ ಕೈಯಲ್ಲಿದ್ದರೆ ವಾರದಲ್ಲಿ ಆರು ಸಂಜೆ ತುಂಬುತ್ತವೆ. ಗಿರಾಕಿ ಕಂಪನಿಯ ಡ್ರಾಯಿಂಗನ್ನು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಪಕ್ಕದ ಶಾಪಿನಲ್ಲಿ ತೋರಿಸಬೇಡಿ. ಒಮ್ಮೆ ಆ ಸುದ್ದಿ ಹೊರಬಿತ್ತೆಂದರೆ ಮೂರೂ ಬಾಗಿಲು ಮುಚ್ಚುತ್ತವೆ.

ವಿಜಯಪುರದಲ್ಲಿ ಸೈನಿಕ ಶಾಲೆ, ನವೋದಯ, ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ತರಗತಿಗಳು ಬೇಕಾದಷ್ಟಿವೆ. ಎಂ.ಎಸ್ಸಿ. ಗಣಿತದವರು ಇಲ್ಲಿ ಸುಲಭವಾಗಿ ಸಿಗಬಹುದಾದ ಕೆಲಸವನ್ನು ಡೆಮೊ ಪಾಠದಲ್ಲಿ ಕಳೆದುಕೊಳ್ಳುತ್ತಾರೆ. ಕಾರಣ ಒಂದೇ, ಎಕ್ಸ್ ಹಿಡಿದುಕೊಳ್ಳುವುದು. ಮೂರು ಪೆನ್ನಿಗೆ 24 ರೂಪಾಯಿ ಆದರೆ ಏಳಕ್ಕೆ ಎಷ್ಟು ಎಂದು ಕೇಳಿದರೆ ಐದನೇ ತರಗತಿಯ ಮಗುವಿಗೆ ಬೀಜಗಣಿತ ಬರುವುದಿಲ್ಲ. ಒಂದು ಪೆನ್ನಿನ ಬೆಲೆ ಎಂಟು ಎಂದು ಮೊದಲು ಅದೇ ಕಂಡುಕೊಳ್ಳಬೇಕು. ನವೋದಯದ ಆರನೇ ತರಗತಿ ಪರೀಕ್ಷೆಯಲ್ಲಿ ಎರಡು ತಾಸಿಗೆ 80 ಪ್ರಶ್ನೆ, ಅದರಲ್ಲಿ 40 ಮಾನಸಿಕ ಸಾಮರ್ಥ್ಯದವು, ಅಂಕಗಣಿತಕ್ಕೆ 20, ಭಾಷೆಗೆ 20. ಹಳೆಯ ಪ್ರಶ್ನೆಪತ್ರಿಕೆಗಳನ್ನು ನೀವೇ ಗಡಿಯಾರ ಇಟ್ಟುಕೊಂಡು ಬಿಡಿಸಿ, ಎರಡು ಲೆಕ್ಕ ಮಾತ್ರ ಆರಿಸಿ, 20 ನಿಮಿಷದ ಪಾಠ ಸಿದ್ಧ ಮಾಡಿಕೊಂಡು ಹೋಗಿ. ಪಗಾರ ಪಿರಿಯಡ್ ಲೆಕ್ಕದಲ್ಲಿ ಇದ್ದರೆ ಪ್ರಶ್ನೆಪತ್ರಿಕೆ ತಯಾರಿ ಮತ್ತು ತಿದ್ದುವುದಕ್ಕೆ ಬೇರೆ ಕೊಡುತ್ತಾರೋ ಎಂದು ಮೊದಲೇ ಕೇಳಿ. 60 ಮಕ್ಕಳ ಉತ್ತರಪತ್ರಿಕೆ ಮನೆಗೆ ಬಂತೆಂದರೆ ದಿನಕ್ಕೆ ಎರಡು ತಾಸಿನ ಕೆಲಸ ನಾಲ್ಕಾಗುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನಿನಲ್ಲಿ ಫೋಟೊ ಹಾಕಿ, ಅಳತೆ, ಬಣ್ಣ, ನೂಲಿನ ವಿವರ ಇಂಗ್ಲಿಷಿನಲ್ಲಿ ಬರೆಯುವವರು ಬೇಕಾಗುತ್ತಾರೆ, ಸೀರೆಗೆ ಇಷ್ಟು ಎಂದು ಮಾತಾಡಬಹುದು. ಬಾದಾಮಿ, ಪಟ್ಟದಕಲ್ಲಿನಲ್ಲಿ ವಾರದ ಕೊನೆಗೆ ಗೈಡ್ ಆಗುವ ಆಸೆ ಇತಿಹಾಸ ಓದಿದವರಿಗೆ ಇರುತ್ತದೆ, ಅದಕ್ಕೆ ಲೈಸೆನ್ಸ್ ಬೇಕು, ಮೊದಲು ಅದನ್ನು ನೋಡಿಕೊಳ್ಳಿ.

ಪಗಾರ ಒಪ್ಪುವ ಮೊದಲು ತಾಸಿನ ದರ ತೆಗೆಯಿರಿ. ಉದಾಹರಣೆಗೆ, ಅದೇ ಅಂಗಡಿಯಲ್ಲಿ ಪೂರ್ತಿ ದಿನದವರಿಗೆ 13,000 ರೂಪಾಯಿ ಇದೆ ಎನ್ನಿ. 26 ದಿವಸಕ್ಕೆ ಭಾಗಿಸಿದರೆ ದಿನಕ್ಕೆ 500, ಎಂಟು ತಾಸಿಗೆ ಭಾಗಿಸಿದರೆ 62.50. ನಾಲ್ಕು ತಾಸಿಗೆ ತಿಂಗಳಿಗೆ 6,500 ಆಗಬೇಕು. "ಅರ್ಧ ದಿನ ಅಲ್ಲೇನ್ರಿ, 4,500 ತಗೋರಿ" ಎಂದರೆ ತಾಸಿಗೆ 43 ಬಿತ್ತು. ಬಸ್ಸಿಗೆ ದಿನಕ್ಕೆ 40 ಹೋದರೆ ಉಳಿಯುವುದು 3,460. ಹೋಗಿ ಬರುವ ಒಂದೂವರೆ ತಾಸನ್ನೂ ಕೂಡಿಸಿದರೆ ತಾಸಿಗೆ 24 ರೂಪಾಯಿ. ಕಾಗದದ ಮೇಲೆ ಇದನ್ನು ಬರೆದು ನೋಡದೆ ಯಾರೂ ಹೂಂ ಅನ್ನಬಾರದು. ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ನಿಮ್ಮ ಕೆಲಸದ ದರ ನೋಡಿ ಅದನ್ನೂ ತಾಸಿಗೆ ಇಳಿಸಿ ಹೋಲಿಸಿ.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ಉಳಿಯುತ್ತದೆ. ಬೆಳಗಾವಿ, ಬಾಗಲಕೋಟೆಯ ವಾಯವ್ಯ ಸಾರಿಗೆ ಬಸ್ಸಿರಲಿ, ವಿಜಯಪುರದ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿರಲಿ, ಎರಡಕ್ಕೂ ಅನ್ವಯ. ಆದರೆ ಹಳ್ಳಿಯಿಂದ ಬರುವವರಿಗೆ ದುಡ್ಡಿಗಿಂತ ಕೊನೆಯ ಬಸ್ಸೇ ದೊಡ್ಡ ಪ್ರಶ್ನೆ. ಅಂಗಡಿ ಎಂಟಕ್ಕೆ ಮುಚ್ಚಿ, ಊರಿನ ಬಸ್ಸು ಏಳೂವರೆಗೇ ಹೊರಟರೆ ಎರಡನೇ ವಾರಕ್ಕೆ ಕೆಲಸ ಹೋಗುತ್ತದೆ. ಮಾತುಕತೆಗೆ ಮೊದಲೇ ಬಸ್ ನಿಲ್ದಾಣದಲ್ಲಿ ವೇಳೆ ಕೇಳಿಕೊಂಡು, "ಏಳೂಕಾಲಿಗೆ ಬಿಡಬೇಕ್ರಿ, ಬದಲಿಗೆ ಮೂರೂಕಾಲಿಗೇ ಬರತೀನಿ" ಎಂದು ಮೊದಲ ದಿನವೇ ಹೇಳಿ.

ಕಾಗದಪತ್ರದಲ್ಲಿ ಕೆಲವು ಕಡೆ ಎಚ್ಚರ ಬೇಕು. ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ಪಡೆಯುತ್ತಿರುವವರು ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಕೊಟ್ಟಿರುತ್ತಾರೆ. ಪಗಾರದ ಕೆಲಸ ಹಿಡಿದ ಮೇಲೂ ಅದನ್ನೇ ಕೊಟ್ಟರೆ ಅದು ಸುಳ್ಳು ಘೋಷಣೆಯಾಗುತ್ತದೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಪಡೆಯುವ ಸಂಶೋಧಕರು ಬೇರೆ ಉದ್ಯೋಗ ಹಿಡಿಯುವಂತಿಲ್ಲ, ಮಾರ್ಗದರ್ಶಕರನ್ನು ಕೇಳದೆ ಸಣ್ಣ ಕೆಲಸವನ್ನೂ ಒಪ್ಪಬೇಡಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ಪಗಾರ 21,000ದೊಳಗೆ ಇದ್ದರೆ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ ಕೇಳಿ. 6,000 ಪಗಾರಕ್ಕೆ ನಿಮ್ಮ ಪಾಲು 0.75%, ಅಂದರೆ 45 ರೂಪಾಯಿ. ಹಿಂದೆ ಎಲ್ಲಾದರೂ ಪಿಎಫ್ ಇದ್ದರೆ ಅದೇ ಯುಎಎನ್ (ಪಿಎಫ್‌ನ ಶಾಶ್ವತ ಸಂಖ್ಯೆ) ಕೊಡಿ. ಪಾಠ, ಸಲಹೆ, ಡ್ರಾಯಿಂಗ್ ಕೆಲಸಕ್ಕೆ ಶುಲ್ಕ ಕೊಡುವ ಸಂಸ್ಥೆಗಳು 10% ತೆರಿಗೆ ಮುರಿದುಕೊಳ್ಳಬಹುದು, ಪ್ಯಾನ್ ಕೊಡದಿದ್ದರೆ 20%. ಆದಾಯ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ಆ ದುಡ್ಡು ವಾಪಸ್ ಪಡೆಯಬಹುದು, ಎಷ್ಟೋ ಮಂದಿ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಮೂಲ ಅಂಕಪಟ್ಟಿ, ಖಾಲಿ ಚೆಕ್ ಯಾರ ಕೈಗೂ ಕೊಡಬೇಡಿ. ನೋಡಲು ತೋರಿಸಿ, ಝೆರಾಕ್ಸ್ ಕೊಟ್ಟು, ಮೂಲಪ್ರತಿ ಚೀಲಕ್ಕೆ ಹಾಕಿಕೊಂಡು ಬನ್ನಿ.

ಓದಿದವರನ್ನೇ ಹುಡುಕಿ ಹಿಡಿಯುವ ಮೋಸ ಇನ್ನೊಂದಿದೆ. ಮನೆಯಲ್ಲೇ ಡೇಟಾ ಎಂಟ್ರಿ ಎಂದು ಹೇಳಿ ನೋಂದಣಿ ಶುಲ್ಕ ಕೇಳುತ್ತಾರೆ, ಇಲ್ಲವೇ ಕರಾರಿಗೆ ಸಹಿ ಹಾಕಿಸಿ, ಕೆಲಸದಲ್ಲಿ ತಪ್ಪಿದೆ ಎಂದು ವಕೀಲರ ನೋಟಿಸಿನಂಥ ಕಾಗದ ಕಳಿಸಿ ಹೆದರಿಸುತ್ತಾರೆ. ಟೆಲಿಗ್ರಾಂನಲ್ಲಿ ಮೊದಲು 150 ರೂಪಾಯಿ ಕೊಟ್ಟು ಆಮೇಲೆ ನಿಮ್ಮಿಂದಲೇ ಸಾವಿರಗಟ್ಟಲೆ ಹಾಕಿಸಿಕೊಳ್ಳುವುದು ಮತ್ತೊಂದು ಬಗೆ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆ ಬಾಡಿಗೆಗೆ ಕೊಟ್ಟವರ ಮೇಲೇ ಪೊಲೀಸ್ ಕೇಸು ಬೀಳುತ್ತದೆ, ಸರ್ಕಾರಿ ನೌಕರಿಯ ನಡತೆ ಪರಿಶೀಲನೆಯಲ್ಲಿ ಅದು ಎದುರಾಗುತ್ತದೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ದುಡ್ಡು ಖಾತೆಯಿಂದ ಖಾತೆಗೆ ಹೋಗುವ ಮೊದಲು ತಡೆಯಲು ಮೊದಲ ಒಂದೆರಡು ತಾಸು ಬಹಳ ಮುಖ್ಯ.

ಕೆಲಸ ಸಿಕ್ಕ ಮೇಲೆ ನೇಮಕಾತಿ ಪತ್ರ ಕೇಳಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕರ್ನಾಟಕ ಕಾಯ್ದೆಯೂ ಅದನ್ನು ಬರವಣಿಗೆಯಲ್ಲಿ ಕೊಡಬೇಕೆನ್ನುತ್ತದೆ. ಕೊಡಲು ಹಿಂಜರಿದರೆ ವೇಳೆ, ಪಗಾರ, ಪಗಾರದ ತಾರೀಖು ಮೂರನ್ನೂ ನೀವೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, "ಇಷ್ಟು ಸರಿ ಅಲ್ರಿ?" ಎಂದು ಕೇಳಿ, ಅವರ ಉತ್ತರ ಉಳಿಸಿಕೊಳ್ಳಿ. ಪಗಾರ ಕೈಗೆ ಬೇಡ, ಖಾತೆಗೆ ಹಾಕಲಿ. ನಾಳೆ ಅನುಭವ ಪತ್ರ ಕೇಳುವಾಗ ತಿಂಗಳು ತಿಂಗಳ ಸಾಕ್ಷಿ ಇರುತ್ತದೆ. ಪರೀಕ್ಷೆಯ ತಾರೀಖು ಬಂದ ದಿನವೇ ಮಾಲೀಕರಿಗೆ ತಿಳಿಸಿ, ನಿಮ್ಮ ಜಾಗಕ್ಕೆ ಬರಬಲ್ಲ ಒಬ್ಬರನ್ನು ಕರೆತಂದು, ಕೊನೆಯ ವಾರ ಅವರಿಗೆ ಬಿಲ್ಲಿಂಗ್ ಕಲಿಸಿಕೊಟ್ಟು ಬನ್ನಿ. ಮುಂದೆ ನಿಮ್ಮಂತೆ ಓದಿದವರು ಅದೇ ಅಂಗಡಿಗೆ ಹೋಗಿ ಕೇಳಿದಾಗ ಮಾಲೀಕರು ಕಾಗದ ಹಿಂದಕ್ಕೆ ಕೊಡದೆ, "ಯಾವಾಗಿಂದ ಬರತೀರಿ?" ಎಂದು ಕೇಳುತ್ತಾರೆ.