ಗಿಟ್‌ಹಬ್ ಬಿಟ್ಟರೆ ಕಮಿಟ್ ಇತಿಹಾಸ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಓಪನ್ ಸೋರ್ಸ್ ಪ್ರಾಜೆಕ್ಟ್, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿದೆ. ಅಂಥದ್ದೇ ಇನ್ನೊಂದು ತಾಣವಾದ ಕೋಡ್‌ಬರ್ಗ್‌ಗೆ ಹೋದರೆ ಹಳೆಯ ಕಮಿಟ್‌ಗಳೆಲ್ಲ (ಕೋಡ್ ಬದಲಾವಣೆಗಳ ದಾಖಲೆಗಳು) ಹೋಗುತ್ತವಂತೆ, ನಿಜವೇ? ಎಲ್ಲಿಡುವುದು ಒಳ್ಳೆಯದು?

ಎಷ್ಟು ಸಲ ಹೇಳಿದರೂ ಈ ಭಯ ಹೋಗುತ್ತಿಲ್ಲ, ಹಾಗಾಗಿ ಮೊದಲು ಅದನ್ನೇ ಮುಗಿಸೋಣ. ಒಂದು ಕಮಿಟ್ ಕೂಡ ಹೋಗುವುದಿಲ್ಲ. ಗಿಟ್ ಬಂದದ್ದು 2005ರಲ್ಲಿ, ಗಿಟ್‌ಹಬ್ ಶುರುವಾದದ್ದು 2008ರಲ್ಲಿ. ಇತಿಹಾಸವನ್ನು ಇಟ್ಟುಕೊಂಡಿರುವುದು ಗಿಟ್ ಎಂಬ ತಂತ್ರಾಂಶ, ಗಿಟ್‌ಹಬ್ ಅದನ್ನು ಇಡುವ ಜಾಗ ಅಷ್ಟೇ. ‘--ಡೆಪ್ತ್’ (ಹಳೆಯ ಇತಿಹಾಸ ಬಿಟ್ಟು ತರುವ ಆಯ್ಕೆ) ಹಾಕದೆ ಕ್ಲೋನ್, ಅಂದರೆ ನಕಲು, ಮಾಡಿದ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಅದು ಹೆಸರು, ತಾರೀಖು ಸಮೇತ ಇದೆ. ಹೊಸ ಕಡೆ ರೀಡ್‌ಮಿಯನ್ನೂ ಹಾಕದೆ ಖಾಲಿ ರೆಪೊ (ಪ್ರಾಜೆಕ್ಟಿನ ಕೋಡ್ ಸಂಗ್ರಹ) ತೆರೆಯಿರಿ. ಹಳೆಯದನ್ನು ‘ಗಿಟ್ ಕ್ಲೋನ್ --ಮಿರರ್’ ಮಾಡಿ, ಆ ಫೋಲ್ಡರಿನೊಳಗಿಂದ ಹೊಸ ವಿಳಾಸಕ್ಕೆ ‘ಗಿಟ್ ಪುಶ್ --ಮಿರರ್’ ಮಾಡಿ. ಪುಲ್ ರಿಕ್ವೆಸ್ಟ್‌ಗಳ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ರೆಫ್‌ಗಳೂ, ಅಂದರೆ ಕಮಿಟ್‌ಗಳನ್ನು ತೋರಿಸುವ ಹೆಸರುಗಳೂ, ಜೊತೆಗೆ ಬಂದಿರುತ್ತವೆ. ಅವನ್ನು ಸರ್ವರ್ ‘ರಿಜೆಕ್ಟೆಡ್’ ಎಂದರೆ ಗಾಬರಿಯಾಗದೆ, ಬ್ರಾಂಚ್ ಮತ್ತು ಟ್ಯಾಗ್‌ಗಳು ತಲುಪಿವೆಯೇ ನೋಡಿ. ದೊಡ್ಡ ಫೈಲ್‌ಗಳನ್ನು ಬೇರೆಯಾಗಿ ಇಡುವ ಎಲ್‌ಎಫ್‌ಎಸ್ ಬಳಸಿದ್ದರೆ ಮಾತ್ರ ಎಚ್ಚರ: ಮಿರರ್‌ನಲ್ಲಿ ಹೋಗುವುದು ಅವುಗಳ ಗುರುತಾದ ಪಾಯಿಂಟರ್ ಅಷ್ಟೇ. ದೊಡ್ಡ ಫೈಲ್‌ಗಳಿಗೆ ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’, ಆಮೇಲೆ ಹೊಸ ವಿಳಾಸಕ್ಕೆ ‘ಗಿಟ್ ಎಲ್‌ಎಫ್‌ಎಸ್ ಪುಶ್ --ಆಲ್’ ಬೇರೆಯಾಗಿ ಕೊಡಬೇಕು.

ನಿಜವಾಗಿ ಹಳೆಯ ಕಡೆ ಸಿಕ್ಕಿಕೊಳ್ಳುವುದು ಇಶ್ಯೂಗಳು (ದೋಷ, ಸಲಹೆಗಳ ಪಟ್ಟಿ), ಪುಲ್ ರಿಕ್ವೆಸ್ಟ್ ಚರ್ಚೆ, ರಿಲೀಸ್ ಫೈಲ್‌ಗಳು. ಇವು ಬೇಕೆಂದರೆ ಮೇಲಿನ ದಾರಿ ಬಿಟ್ಟು ಕೋಡ್‌ಬರ್ಗ್‌ನ ಮೈಗ್ರೇಶನ್ ಪುಟದಿಂದಲೇ ಶುರುಮಾಡಿ. ಆಗಲೇ ಇರುವ ರೆಪೊಗೆ ಅದು ಆಮೇಲೆ ಇಶ್ಯೂ ಸೇರಿಸುವುದಿಲ್ಲ. ಅಲ್ಲಿ ಗಿಟ್‌ಹಬ್‌ನ ಆಕ್ಸೆಸ್ ಟೋಕನ್ (ಪಾಸ್‌ವರ್ಡ್ ಬದಲು ಕೊಡುವ ಕೀಲಿ) ಕೊಡಿ. ಅಲ್ಲಿ ‘ಮಿರರ್’ ಟಿಕ್ ಮಾಡಬೇಡಿ. ಮಾಡಿದರೆ ರೆಪೊ ಹಳೆಯದರ ನಕಲಾಗಿಯೇ ಉಳಿಯುತ್ತದೆ, ಪುಶ್ ಆಗುವುದಿಲ್ಲ. ಸ್ಟಾರ್‌ಗಳು ಬರುವುದಿಲ್ಲ, ಬರದಿದ್ದರೆ ನಷ್ಟವೂ ಇಲ್ಲ.

ಹಾಗಾದರೆ ಎಲ್ಲಿ? ವಿಂಡೋಸ್, ಮ್ಯಾಕ್ ಎರಡಕ್ಕೂ ಬಿಲ್ಡ್ ಮಾಡುವವರು ಗಿಟ್‌ಹಬ್‌ನಲ್ಲೇ ಇರಿ. ಪಬ್ಲಿಕ್ ರೆಪೊಗಳಿಗೆ ಅಲ್ಲಿನ ಸಾಮಾನ್ಯ ರನ್ನರ್‌ಗಳು (ಬಿಲ್ಡ್ ನಡೆಸುವ ಯಂತ್ರಗಳು) ಉಚಿತ. ಆ ಸೌಕರ್ಯ ಬೇರೆಡೆ ಸುಲಭವಾಗಿ ಸಿಗದು. ಬಿಲ್ಡ್ ಹಗುರವಾಗಿದ್ದು, ಕಂಪನಿಯೊಂದರ ಹಂಗು ಬೇಡವೆಂದರೆ ಬರ್ಲಿನ್ನಿನ ಲಾಭರಹಿತ ಸಂಸ್ಥೆ ನಡೆಸುವ ಕೋಡ್‌ಬರ್ಗ್ ನನ್ನ ಆಯ್ಕೆ. ಸ್ವಂತ ಸರ್ವರ್‌ನಲ್ಲಿ ಫೋರ್ಜೆಯೊ (ಇಂಥ ತಾಣ ನಡೆಸುವ ತಂತ್ರಾಂಶ) ಹಾಕುವುದು, ಅಪ್‌ಡೇಟ್ ಮತ್ತು ಬ್ಯಾಕಪ್‌ಗೆ ಒಬ್ಬರು ಖಾಯಂ ಇದ್ದರೆ ಮಾತ್ರ.

ಯಾವ ಜಾಗವೂ ಶಾಶ್ವತವಲ್ಲ. ಇಂಥದ್ದೇ ತಾಣವಾಗಿದ್ದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಫೆಡೋರಾ ಲಿನಕ್ಸ್ ಬಳಗದ ಫೆಡೋರಾ ಹೋಸ್ಟೆಡ್ 2017ರಲ್ಲಿ ನಿಂತಿತು. ಕನ್ನಡವೂ ಸೇರಿದ ಲೋಹಿತ್ ಫಾಂಟ್‌ಗಳು ಅಲ್ಲಿಂದ ಪಗುರೆ ಎಂಬ ಇನ್ನೊಂದು ತಾಣಕ್ಕೆ ಹೋದವು.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ಕೀಲಿ ಯಾರ ಕೈಯಲ್ಲಿದೆ? ಒಬ್ಬರ ಖಾಸಗಿ ಖಾತೆಯಲ್ಲಿರುವ ರೆಪೊ, ಆ ವ್ಯಕ್ತಿ ಪಾಸ್‌ವರ್ಡ್ ಮತ್ತು ರಿಕವರಿ ಕೋಡ್ ಕಳೆದುಕೊಂಡ ದಿನ ಎಲ್ಲರ ಕೈತಪ್ಪುತ್ತದೆ. ಇವತ್ತೇ ಆರ್ಗನೈಸೇಶನ್ ಖಾತೆ ತೆರೆದು ರೆಪೊ ಅಲ್ಲಿಗೆ ವರ್ಗಾಯಿಸಿ, ಕನಿಷ್ಠ 2 ಜನರನ್ನು ಓನರ್ ಮಾಡಿ. ಡಾಕ್ಯುಮೆಂಟೇಶನ್‌ಗೆ ಸ್ವಂತ ಡೊಮೇನ್ ಇರಲಿ, ಅದರ ನವೀಕರಣದ ಇಮೇಲ್ ಇಬ್ಬರಿಗೂ ಹೋಗಲಿ.